ಕಾಫಿ ಕಣದಲ್ಲಿ ನಡುಗಿದ ಗುರು

2026ರ ಜನವರಿಯಲ್ಲಿ ಎಂಟನೇ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಮೈಸೂರಿನಿಂದ ಮೂಡಿಗೆರೆ ಹತ್ತಿರದ ಅಕ್ಕನ ಮನೆಗೆ ಹೊರಟೆ. ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದುದು ನಮ್ಮ ಆರು ಇಂಚು ಕನ್ನಡಿಯ ಟೆಲಿಸ್ಕೋಪು. ಬೇಲೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಇಣುಕಿ ನೋಡಿ, "ಬೋರ್‌ವೆಲ್ ಪೈಪಾ ಸ್ವಾಮಿ?" ಎಂದು ಕೇಳಿದರು.

ಅಕ್ಕನಿಗೆ ಎಂಬತ್ತೆರಡು ವರ್ಷ. ಗುರುವಾರದ ಒಪ್ಪೊತ್ತು ಊಟ ತಪ್ಪಿಸಿದವಳಲ್ಲ. "ಗುರು ಮಿಥುನದಲ್ಲಿದ್ದಾನೆ ಅಂತ ಪಂಚಾಂಗದಲ್ಲಿ ಓದ್ತೀನಿ. ಒಂದು ಸಲ ಅವನ ಮುಖ ನೋಡಬೇಕಲ್ಲೋ" ಎಂದು ಫೋನಿನಲ್ಲಿ ಹೇಳಿದ್ದಳು. ಆದರೆ ಮಂಡಿನೋವಿನಿಂದ ಅವಳಿಗೆ ಮಂಚ ಬಿಟ್ಟು ಏಳುವುದೇ ಕಷ್ಟ. ಚಳಿಯಲ್ಲಿ ಹೊರಗೆ ಬಂದು ಬಗ್ಗಿ ನೋಡುವ ಮಾತೇ ಇಲ್ಲ. ಫೋಟೋ ಒಂದೇ ದಾರಿ. ಮೈಸೂರಿನ ನಮ್ಮ ಹಿತ್ತಲಿನಲ್ಲಿ ತೆಗೆದ ಫೋಟೋಗಳಲ್ಲಿ ಗುರು ಬರೀ ಬಿಳಿ ಗುಂಡು. ಅದಕ್ಕೆ ಬೀದಿದೀಪಗಳೇ ಕಾರಣ, ಮಲೆನಾಡಿನ ಕತ್ತಲಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ.

ಅದು ಕಾಫಿ ಕೊಯ್ಲಿನ ಕಾಲ. ಮನೆ ಮುಂದಿನ ಸಿಮೆಂಟಿನ ಕಣದ ತುಂಬ ಹಣ್ಣು ಒಣಗಲು ಹರವಿದ್ದರು. ಒಂದು ಮೂಲೆಯಲ್ಲಿ ಟೆಲಿಸ್ಕೋಪು ನಿಲ್ಲಿಸಿದೆವು. ಆಹಾ, ಎಷ್ಟು ನಕ್ಷತ್ರಗಳು! ಆದರೆ ಗುರು ಮಾತ್ರ ಕಾದ ಎಣ್ಣೆಯಲ್ಲಿ ಬಿಟ್ಟ ಬೋಂಡಾದ ಹಾಗೆ ನಡುಗುತ್ತಿದ್ದ. ಫೋನಿನಲ್ಲಿ ತೆಗೆದ ಚಿತ್ರ ನೋಡಿ ಮೊಮ್ಮಗ, "ತಾತ, ಇದು ಕೋಳಿಮೊಟ್ಟೆ" ಎಂದ. ನನ್ನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ತೋಟದ ನಾಯಿ ಬಂದು ನಮ್ಮ ಕಾಲ ಬಳಿಯೇ ಮುದುಡಿ ಮಲಗಿತು. ಅದನ್ನು ಸವರಲು ಕೂತ ಹುಡುಗ ನೆಲ ಮುಟ್ಟಿ, "ತಾತ, ಕಣ ಇನ್ನೂ ಬೆಚ್ಚಗಿದೆ!" ಎಂದ.

ತಪ್ಪು ಸಿಕ್ಕಿತು. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿ ಆ ಬಿಸಿಯನ್ನು ಬಿಡುತ್ತದೆ. ಬಿಸಿಗಾಳಿ ಮೇಲೇರುವಾಗ, ಮಧ್ಯಾಹ್ನ ಡಾಂಬರು ರಸ್ತೆಯ ಮೇಲಿನ ದೃಶ್ಯ ನಡುಗುವಂತೆ, ಗ್ರಹವೂ ನಡುಗುತ್ತದೆ. ಗುರು ಬಲು ಪ್ರಕಾಶದ ಗ್ರಹ, ಬೀದಿದೀಪಕ್ಕೆ ಹೆದರುವವನಲ್ಲ. ಅವನ ಫೋಟೋಗೆ ಬೇಕಾದುದು ಕತ್ತಲಿಗಿಂತ ಹೆಚ್ಚಾಗಿ ಅಲುಗಾಡದ ಗಾಳಿ.

ಮರುದಿನ ಸಂಜೆ ಏಳಕ್ಕೇ ಟೆಲಿಸ್ಕೋಪನ್ನು ಕೊಟ್ಟಿಗೆ ಹಿಂದಿನ ಹುಲ್ಲಿನ ಮೇಲೆ ಇಟ್ಟೆವು. ಕನ್ನಡಿಯೂ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕಲ್ಲ! ಹತ್ತೂವರೆಯವರೆಗೆ ಕಾದೆವು. ಗ್ರಹ ಮೇಲೇರಿದಷ್ಟೂ ಅದರ ಬೆಳಕು ದಾಟಬೇಕಾದ ಗಾಳಿ ಕಡಿಮೆ. ಕಪ್ಪು ಆಕಾಶ ಕಂಡ ಫೋನು ತಾನಾಗಿಯೇ ಬೆಳಕು ಹೆಚ್ಚಿಸಿಬಿಡುತ್ತದೆ, ಬಿಳಿ ಗುಂಡಿಗೆ ಅದೂ ಒಂದು ಕಾರಣ. ಮೊಮ್ಮಗ ಪರದೆಯಲ್ಲಿ ಗುರುವಿನ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿದ. ಎರಡು ಕಂದು ಪಟ್ಟೆಗಳು ಮೂಡಿದವು!

ಒಂದು ಫೋಟೋದ ಬದಲು ಎರಡು ನಿಮಿಷದ ವಿಡಿಯೋ ತೆಗೆದೆವು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವಿಡಿಯೋ ಬಹಳ ಉದ್ದವಾದರೆ ಚಿತ್ರ ಕಲಸಿಹೋಗುತ್ತದೆ. ಸೆಕೆಂಡಿಗೆ 30ರಂತೆ ಒಟ್ಟು 3600 ಚಿತ್ರಗಳು. ಮುಂದಿನದು ನನಗೆ ಗೊತ್ತಿದ್ದ ಕೆಲಸವೇ. ಬ್ಯಾಂಕಿನಲ್ಲಿ ಹರಿದ ನೋಟು ಬೇರೆ, ಒಳ್ಳೆಯ ನೋಟು ಬೇರೆ ಮಾಡಿ ಕಟ್ಟು ಕಟ್ಟುತ್ತಿರಲಿಲ್ಲವೇ? ಹಾಗೆಯೇ ಆಟೋಸ್ಟಾಕರ್ಟ್ ಎಂಬ ತಂತ್ರಾಂಶ, ಗಾಳಿ ಅರೆಕ್ಷಣ ಸುಮ್ಮನಿದ್ದಾಗ ಸಿಕ್ಕ ಸ್ಪಷ್ಟ ಚಿತ್ರಗಳನ್ನು ಆರಿಸಿ ಒಂದರ ಮೇಲೊಂದು ಜೋಡಿಸುತ್ತದೆ. ನಾವು ಉತ್ತಮವಾದ 360 ಇಟ್ಟುಕೊಂಡೆವು. ಕೊನೆಗೆ ಚಿತ್ರವನ್ನು ಸ್ವಲ್ಪ ಚೂಪುಗೊಳಿಸಬೇಕು, ಸ್ವಲ್ಪವೇ. ಮೊಮ್ಮಗ ಹೆಚ್ಚು ಮಾಡಿದಾಗ ಗುರುವಿನ ಸುತ್ತ ಇಲ್ಲದ ಗೆರೆಯೊಂದು ಹುಟ್ಟಿತು. "ಇಲ್ಲದ ಹಣವನ್ನು ಲೆಕ್ಕಕ್ಕೆ ಬರೆಯಬಾರದು ಕಣೋ" ಎಂದು ಅಳಿಸಿಸಿದೆ.

ಮಕ್ಕಳೇ, ನೀವೂ ಪ್ರಯತ್ನಿಸಿ. ಆದರೆ ಟೆಲಿಸ್ಕೋಪನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬೇಡಿ. ಕಣ್ಣೇ ಹೋದೀತು.

ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಒರೆಸಿ, ಸುಮಾರು 63 ಕೋಟಿ ಕಿಲೋಮೀಟರ್ ದೂರದ ಗುರುವನ್ನು ಅಕ್ಕ ಬಹಳ ಹೊತ್ತು ನೋಡಿದಳು. "ಗಂಧದ ಪಟ್ಟೆ ಎಳೆದುಕೊಂಡಿದ್ದಾನಲ್ಲೋ! ದೇವತೆಗಳ ಪುರೋಹಿತ ಅಲ್ವೇ" ಎಂದು ಕೈಮುಗಿದಳು.

"ದೊಡ್ಡಜ್ಜಿ, ಮುಂದಿನ ಸಲ ಶನಿಯ ಫೋಟೋ ತೋರಿಸ್ತೀನಿ" ಎಂದ ಮೊಮ್ಮಗ.

"ಬೇಡಪ್ಪ, ಅವನು ದೂರವೇ ಇರಲಿ" ಎಂದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದಳು: "ಅವನ ಸುತ್ತ ಬಳೆ ಇದೆಯಂತಲ್ಲ, ನಿಜವೇನೋ?"