ಕುಂದಾಣದಲ್ಲೊಬ್ಬ ಕಡಲ ಕನಸುಗಾರ!

ದೇವನಹಳ್ಳಿ ತಾಲೂಕಿನ ನಮ್ಮ ಕುಂದಾಣದಲ್ಲಿ ದ್ರಾಕ್ಷಿ ತೋಟ ಇದೆ, ಬೋರ್‌ವೆಲ್ ಇದೆ, ಕಡಲಿಲ್ಲ. ಚೆನ್ನೈ ಸಮುದ್ರಕ್ಕೆ ಹೋಗೋಣವೆಂದರೆ 300 ಕಿಲೋಮೀಟರಿಗೂ ಮೇಲೆ. ಆದರೂ ನಾನು ಹುಡುಕ್ತಿರೋದು ಸಾಗರ ದಾಟೋ ಸೆಕೆಂಡ್‌ಹ್ಯಾಂಡ್ ಹಾಯಿದೋಣಿ. ನಗಬೇಡಿ ಗೆಳೆಯರೇ!

2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಅಭಿಲಾಷ್ ಟಾಮಿಯವರ ದೋಣಿಯ ಕೂವೆಮರ ಮುರೀತು, ಬೆನ್ನುಮೂಳೆಗೂ ಪೆಟ್ಟು ಬಿತ್ತು. ಈ ನೌಕಾಪಡೆಯ ಧೀರ ಸುಮ್ಮನಾದರೇ? ಹಳೇ ರಸ್ಲರ್ 36 ದೋಣಿ ಕೊಂಡು, ಸಜ್ಜು ಮಾಡಿಸಿ, 2022ರಲ್ಲಿ ಮತ್ತೆ ಹೊರಟರು. 236 ದಿನ ಒಂಟಿಯಾಗಿ ಭೂಮಿ ಸುತ್ತಿ, 2023ರಲ್ಲಿ ಎರಡನೆಯವರಾಗಿ ದಡ ಸೇರಿದರು!

"ಹಳೇ ದೋಣೀನ ಹೆಂಗಪ್ಪಾ ನೋಡ್ತೀಯ?" ಅಂದ ಟೀ ಅಂಗಡಿಯ ಗೆಳೆಯ.

"ಸಂತೇಲಿ ಮಡಕೆ ತಟ್ಟಿ ನೋಡಲ್ವೇನೋ, ಹಂಗೇ" ಅಂದೆ. ಫೈಬರ್ ಒಡಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಸರಿ. ಮಂಕು ಸದ್ದು ಬಂದರೆ ಒಳಗೆ ಪದರ ಬಿಟ್ಟಿರಬಹುದು. ಕೂವೆಮರ ಹಿಡಿದ ತಂತಿಯಲ್ಲಿ ಒಂದೆಳೆ ಹರಿದಿದ್ದರೂ ನಂಬಬಾರದು.

ತೆರೆಯ ಮೇಲೆ ದೋಣಿ ಮುಳುಗಿದರೆ ನಿರ್ದೇಶಕ 'ಕಟ್' ಅಂತಾನೆ, ಹೀರೋ ಟವೆಲ್ ಹೊದ್ದು ಕಾಫಿ ಕುಡೀತಾನೆ. ನಡುಗಡಲಲ್ಲಿ 'ಕಟ್' ಅನ್ನೋರು ಯಾರಿದ್ದಾರೆ? ಅದಕ್ಕೇ, ಬರೆದು ಕೂಡಿಟ್ಟ ನನ್ನ ಕಾಸು ಮೊದಲು ತಂತಿಗೆ, ಆಮೇಲೆ ಹಾಯಿಗೆ. ಬಣ್ಣ ಕೊನೆಗೆ!