ಒತ್ತಿಗೆ ಜಾಗ

ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಗೋಡೆ ಏಳಿಸುವುದು ಸುಲಭ, ಬಣ್ಣ ಆರಿಸುವುದು ಮಾತ್ರ ಮುಗಿಯುವುದೇ ಇಲ್ಲ ಎನ್ನುತ್ತಾರೆ. ನಾನು ಕಟ್ಟಿದ್ದು ಇಟ್ಟಿಗೆ ಗಾರೆಯ ಮನೆಯಲ್ಲ; ಕಂಪ್ಯೂಟರಿನಲ್ಲಿ ಒಂದು ಬ್ಲಾಗು. ಆದರೂ ಬಣ್ಣದ ಕಾಟ ತಪ್ಪಲಿಲ್ಲ.

ಕಟ್ಟಿದ ಉದ್ದೇಶವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಅಮ್ಮನ ಮುಖ ನನಗೆ ನೆನಪಿಲ್ಲ. ಅಕ್ಕ ಹೇಳಿದ್ದೇ ನನ್ನ ನೆನಪು. ಅದನ್ನೆಲ್ಲ ನಾನು ಬರೆಯುವುದು, ಮೈಸೂರಿನಲ್ಲಿರುವ ಅಕ್ಕ ಓದಿ ತಿದ್ದುವುದು ಎಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಅಕ್ಕನಿಗೆ ಗ್ಲಾಕೋಮಾ. ಹನಿ ಔಷಧ ತಪ್ಪದೆ ಹಾಕಿಕೊಂಡರೆ ಇರುವ ದೃಷ್ಟಿಯನ್ನು ಉಳಿಸಿಕೊಳ್ಳಲು ಪ್ರಯತ್ನಿಸಬಹುದು, ಹೋದ ದೃಷ್ಟಿ ಮರಳಿ ಬಾರದು ಎಂದು ವೈದ್ಯರು ಹೇಳಿದ್ದರು. ಯಾರಿಂದಲಾದರೂ ಓದಿಸಿಕೊಳ್ಳಬಾರದೇ ಎಂದರೆ, "ಅದು ಸಿನಿಮಾ ಕಥೆ ಕೇಳಿದ ಹಾಗಾಗುತ್ತೆ ಕಣೋ. ಅಮ್ಮನ ವಿಷಯ ನಾನೇ ಓದಬೇಕು" ಎನ್ನುತ್ತಿದ್ದಳು. ಅಂದ ಮೇಲೆ ಅವಸರವಿತ್ತು. ಇತ್ತೆಂದು ಈಗ ಬರೆಯುತ್ತಿದ್ದೇನೆ. ಆಗ ನಾನು ನಡೆದುಕೊಂಡ ರೀತಿ ಬೇರೆ.

ಎದುರು ಮನೆಯ ಹುಡುಗ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ತೋರಿಸಿಕೊಟ್ಟ. 2003ರಲ್ಲಿ ಹುಟ್ಟಿದ್ದು, ದುಡ್ಡು ಕೊಡಬೇಕಾಗಿಲ್ಲ. ಪುಟಕ್ಕೆ ಅದರಲ್ಲಿ ಸಿದ್ಧ ಉಡುಪುಗಳಿರುತ್ತವೆ. ಅವಕ್ಕೆ ಥೀಮ್ ಎಂದು ಹೆಸರು. 2010ರಿಂದ ಈಚೆಗೆ ಹೆಚ್ಚು ಕಡಿಮೆ ವರ್ಷಕ್ಕೊಂದರಂತೆ, ಪಂಚಾಂಗದ ಹಾಗೆ, ಇಸವಿಯ ಹೆಸರನ್ನೇ ಹೊತ್ತ ಹೊಸ ಥೀಮ್ ಅವರಿಂದಲೇ ಬರುತ್ತದೆ. ಹೊರಗಿನವರು ಹೊಲಿದವು ಸಾವಿರಾರು. ನಾನು ಹೊರಗಿನದೊಂದನ್ನು ಆರಿಸಿದೆ. ಅದರ ಹೆಸರು ಇಲ್ಲಿ ಬೇಡ; ತಪ್ಪು ಹೆಚ್ಚಾಗಿ ನನ್ನದೇ.

ಅಲ್ಲಿಂದ ಮೂರು ತಿಂಗಳು ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಪುಟದ ನೆತ್ತಿಗೆ ಒಂದಾದ ಮೇಲೊಂದು ಸರಿಯುವ ಐದು ಚಿತ್ರಗಳನ್ನು ಕೂಡಿಸಿದೆ. ಬಲಬದಿಯ ಪಟ್ಟಿಯಲ್ಲಿ ತಿಂಗಳ ಕ್ಯಾಲೆಂಡರು, ಗಡಿಯಾರ, ಬಂದು ಹೋದವರ ಲೆಕ್ಕ. ಬಂದು ಹೋಗುತ್ತಿದ್ದವನು ನಾನೊಬ್ಬನೇ. ಲೆಕ್ಕ ಮಾತ್ರ ಏರುತ್ತಲೇ ಇತ್ತು! ಅಕ್ಷರಕ್ಕೆ ಈಗಿನ ಶೋಕಿಯ ತಿಳಿ ಬೂದು ಬಣ್ಣ. ಇಷ್ಟರ ನಡುವೆ ಅಮ್ಮನ ಬಗ್ಗೆ ಬರೆದದ್ದು ಒಂದೇ ಲೇಖನ, ಎರಡು ಪುಟ.

ಕೊನೆಗೊಂದು ದಿನ ವಿಳಾಸವನ್ನು ಅಕ್ಕನ ಮೊಬೈಲಿಗೆ ಕಳುಹಿಸಿದೆ. ಸಂಜೆ ಫೋನು ಬಂತು.

"ಏನೋ ಇದು, ಅಮ್ಮನ ಕಾಲು ಕತ್ತರಿಸಿಬಿಟ್ಟಿದೀಯ?"

ನನಗೆ ಅರ್ಥವಾಗಲಿಲ್ಲ.

"ಮೇಲೆ ದಪ್ಪಕ್ಷರದಲ್ಲಿ 'ಅಮ' ಅಂತಿದೆ. ಒತ್ತೇ ಇಲ್ಲ. ಕೆಳಗಿನ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಬೂದಿ ಎರಚಿದ ಹಾಗೆ ಬೇರೆ ಕಾಣುತ್ತೆ. ನನ್ನ ಕಣ್ಣು ಇಷ್ಟು ಬೇಗ ಹೋಯಿತೇನೋ ಅಂತ ಭಯವಾಯಿತು ಕಣೋ."

ನಾನು ನನ್ನ ಮೊಬೈಲಿನಲ್ಲಿ ತೆಗೆದು ನೋಡಿದೆ. ಅಲ್ಲಿಯವರೆಗೆ ನೋಡಿದ್ದೆಲ್ಲ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ. ಅಲ್ಲಿಯೂ ಒತ್ತು ಕತ್ತರಿಸಿಯೇ ಇತ್ತು. ಅಲಂಕಾರ ನೋಡುವ ಗಡಿಬಿಡಿಯಲ್ಲಿ ಅಕ್ಷರ ನೋಡಿರಲಿಲ್ಲ. ಮೊಬೈಲಿನ ಕಿರಿದಾದ ಪರದೆಯಲ್ಲಿ ಬಲಬದಿಯ ಪಟ್ಟಿ ಇಡಿಯಾಗಿ ಪುಟದ ತಳಕ್ಕೆ ಹೋಗಿ ಬಿದ್ದಿತ್ತು. ಕ್ಯಾಲೆಂಡರು, ಗಡಿಯಾರ, ನನ್ನ ವಾರಗಟ್ಟಲೆಯ ದುಡಿಮೆ, ಯಾರೂ ಇಳಿಯದ ನೆಲಮಾಳಿಗೆಯಲ್ಲಿ!

ಕಾರಣವನ್ನು ಎದುರು ಮನೆಯ ಹುಡುಗ ಹುಡುಕಿದ. ಆ ಥೀಮ್ ಇಂಗ್ಲಿಷಿಗೆಂದು ಹೊಲಿದದ್ದು. ಇಂಗ್ಲಿಷಿನ ಇಪ್ಪತ್ತಾರು ಚಿಕ್ಕ ಅಕ್ಷರಗಳಲ್ಲಿ ಸಾಮಾನ್ಯವಾಗಿ ಗೆರೆಯಿಂದ ಕೆಳಕ್ಕೆ ಕಾಲು ಚಾಚುವುವು ಐದೇ: ಜಿ, ಜೆ, ಪಿ, ಕ್ಯು, ವೈ. ಆದ್ದರಿಂದ ಸಾಲಿಗೆ ಅಕ್ಷರದ ಗಾತ್ರದ 1.2ರಷ್ಟು ಎತ್ತರ ಕೊಟ್ಟರೆ ಅವರಿಗೆ ನಡೆದುಹೋಗುತ್ತದೆ. ಶೀರ್ಷಿಕೆಗೆ ಇನ್ನೂ ಕಡಿಮೆ ಇತ್ತು. ಸಾಲದ್ದಕ್ಕೆ, ಚೌಕಟ್ಟಿನಿಂದ ಹೊರಗೆ ಹೋದದ್ದನ್ನು ಮರೆಮಾಡು ಎಂಬ ಆಜ್ಞೆ ಬೇರೆ. ನಮ್ಮ ಕನ್ನಡವೋ, ಮೇಲೆ ಗುಡಿಸು, ಕೆಳಗೆ ಒತ್ತು, ಎರಡಂತಸ್ತಿನ ಭಾಷೆ.

ಆ ರಾತ್ರಿ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ: ನಮ್ಮ ಹತ್ತಿರದ ನಂಟಿನ ಹೆಸರುಗಳಲ್ಲಿ ಎಷ್ಟೊಂದು ಒತ್ತಿನ ಮೇಲೆ ನಿಂತಿವೆಯಲ್ಲ! ಒತ್ತನ್ನು ಕತ್ತರಿಸಿದರೆ ಮನೆಯವರಲ್ಲಿ ಇಷ್ಟು ಜನ ಉಳಿಯುವುದಿಲ್ಲ. ಮನೆಯವರ ವಿಷಯ ಬರೆಯಲು ಹೊರಟ ನಾನು, ಗಡಿಯಾರಕ್ಕೆ ಜಾಗ ಮಾಡಿದ್ದೆ, ಅವರಿಗೆ ಮಾಡಿರಲಿಲ್ಲ.

ಮರುದಿನ ಕೆಡವುವ ಕೆಲಸ. ಸರಿಯುವ ಚಿತ್ರ ಹೋಯಿತು. ಕ್ಯಾಲೆಂಡರು, ಗಡಿಯಾರ ಹೋದವು. ಸಾಲಿನ ಎತ್ತರವನ್ನು 1.8ಕ್ಕೆ ಏರಿಸಿದೆ. 15 ಇದ್ದ ಅಕ್ಷರದ ಗಾತ್ರ 20 ಆಯಿತು. ಬೂದು ಹೋಗಿ ಕಪ್ಪು ಬಂತು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ ಕಡಿಮೆಯೆಂದರೂ 4.5ಕ್ಕೆ 1 ಇರಬೇಕೆಂದು, ದೃಷ್ಟಿ ಮಂದವಾದವರನ್ನು ನೆನೆದು ಮಾಡಿದ ಅಂತರರಾಷ್ಟ್ರೀಯ ಸೂತ್ರವೇ ಇದೆಯಂತೆ. ಇದೆಲ್ಲ ಸಿ.ಎಸ್.ಎಸ್. ಎಂಬ ಕಡತದಲ್ಲಿ ನಾಲ್ಕು ಸಾಲಿನ ಬದಲಾವಣೆ. ಅರ್ಧ ಗಂಟೆಯ ಕೆಲಸ.

ಹದಿನೈದು ದಿನ ಸುಖವಾಗಿದ್ದೆವು. ಒಂದು ಬೆಳಗ್ಗೆ ಮತ್ತೆ ಫೋನು: "ಮತ್ತೆ 'ಅಮ' ಆಗಿದೆ ಕಣೋ." ಥೀಮಿಗೆ ಹೊಸ ಆವೃತ್ತಿ ಬಂದಿತ್ತು; ನಾನು ತಿದ್ದಿದ್ದ ಕಡತದ ಮೇಲೆ ಅವರ ಕಡತ ಬಂದು ಕೂತಿತ್ತು. ಮೂಲವನ್ನು ಮುಟ್ಟದೆ, ಅದರ ಹೆಸರು ಹೇಳಿಕೊಂಡು ಬದುಕುವ ಒಂದು ಮರಿ ಥೀಮ್ ಮಾಡಿ, ನಮ್ಮ ತಿದ್ದುಪಡಿಗಳನ್ನು ಅದರಲ್ಲಿಡಬೇಕಂತೆ. ಆಗ ತಾಯಿ ಥೀಮ್ ಎಷ್ಟು ಬಾರಿ ಬದಲಾದರೂ ಮರಿಯಲ್ಲಿಟ್ಟದ್ದು ಅಳಿಸುವುದಿಲ್ಲ. ಹಾಗೆಯೇ ಮಾಡಿದೆ.

ಈಗ ನನ್ನ ಪುಟಕ್ಕೆ ಬಂದವರಿಗೆ ನೋಡಲು ಏನೂ ಇಲ್ಲ. ಬಿಳಿ ಗೋಡೆ, ಕಪ್ಪು ಅಕ್ಷರ. ಎದುರು ಮನೆಯ ಹುಡುಗನಿಗೆ ಅದು ಸ್ವಲ್ಪ ಬೇಸರವೇ. ಆದರೆ ನಾನು ವಾರಕ್ಕೊಂದು ಲೇಖನ ಬರೆಯುತ್ತಿದ್ದೇನೆ. ಅಕ್ಕ ಬೆಳಗಿನ ಬಿಸಿಲಿನಲ್ಲಿ ಕುಳಿತು, ಒಂದೊಂದೇ ಸಾಲು ಓದಿ, ಫೋನು ಮಾಡುತ್ತಾಳೆ. ಮೂರು ತಿಂಗಳು ಮೊದಲೇ ಆರಂಭಿಸಿದ್ದರೆ ಹನ್ನೆರಡು ಲೇಖನ ಹೆಚ್ಚಿಗೆ ಓದಿರುತ್ತಿದ್ದಳು. ಆ ಲೆಕ್ಕವನ್ನು ಅವಳು ಎತ್ತುವುದಿಲ್ಲ, ನಾನು ಮರೆಯುವುದಿಲ್ಲ.

ಕಳೆದ ವಾರ, ಅಮ್ಮ ಅವಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸಿದ್ದನ್ನು ಬರೆದಿದ್ದೆ.

"ಚೆನ್ನಾಗಿದೆ. ಆದರೆ ಅಕ್ಕಿಯ ಮೇಲೆ ತಿದ್ದಿಸಿದ್ದು ಮೊದಲನೇ ದಿನ ಮಾತ್ರ ಕಣೋ. ಆಮೇಲೆಲ್ಲ ಮರಳು. ಹರಡಿಕೊಂಡು ಕೂರೋಕೆ ದಿನಾ ಅಕ್ಕಿ ಎಲ್ಲಿತ್ತೋ ನಮ್ಮನೇಲಿ?"

ಇದನ್ನು ಅವಳು ಹಿಂದೆ ಎಂದೂ ಹೇಳಿರಲಿಲ್ಲ. ಫೋನು ಇಟ್ಟವನೇ ಹೋಗಿ ತಿದ್ದಿದೆ.