ಮುರೀಬೇಕಾದ ಪಿನ್ನು ಮುರೀಲೇಬೇಕು

ಹಿನ್ನೀರು ಇಳಿಯೋ ಕಾಲ ಬಂತು. ಮೋಟರ್ ದೋಣಿ ಇಟ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ಹೋದ ಬೇಸಿಗೆಯಲ್ಲಿ ನಾನು ಮಾಡ್ಕೊಂಡ ಎಡವಟ್ಟು ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಆಗ ಮುಳುಗಿದ ಮರಗಳ ಬೊಡ್ಡೆ ಇವತ್ತಿಗೂ ನೀರಡಿ ಗಟ್ಟಿಯಾಗಿ ನಿಂತಿವೆ. ಮಳೆಗಾಲ ಮುಗಿದಾಗ ಆಳದಲ್ಲಿರ್ತವೆ, ಬೇಸಿಗೆಗೆ ಒಂದು ಗೇಣು ಕೆಳಗೆ ಬಂದು ಕಾಯ್ತಿರ್ತವೆ.

ಎರಡು ಚೀಲ ಗೊಬ್ಬರ ಹಾಕ್ಕೊಂಡು ದಾಟ್ತಿದ್ದೆ. ಢಬ್ ಅಂತು. ಎಂಜಿನ್ ಕೂಗ್ತಿದೆ, ದೋಣಿ ಜಪ್ಪಯ್ಯ ಅಂದ್ರೂ ಮುಂದೆ ಹೋಗಲ್ಲ. ಹುಟ್ಟು ಹಾಕಿ ದಡ ಸೇರಿ ಬಿಚ್ಚಿ ನೋಡಿದ್ರೆ ಫ್ಯಾನಿನ ಶಿಯರ್ ಪಿನ್ ತುಂಡಾಗಿತ್ತು. ಬೇರೆ ಪಿನ್ ಇರ್ಲಿಲ್ಲ. ಶೆಡ್ಡಲ್ಲಿದ್ದ ಹೈಟೆನ್ಸೈಲ್ ಬೋಲ್ಟ್ ಕತ್ತರಿಸಿ ತೂರಿಸಿದೆ. ಇನ್ನು ಮುರಿಯೋ ಮಾತೇ ಇಲ್ಲ ಅಂತ ಜಂಬ ಬೇರೆ.

ವಾರದಲ್ಲಿ ಮತ್ತೆ ಬಡೀತು. ಬೋಲ್ಟ್ ಮುರೀಲಿಲ್ಲ, ಎಂಜಿನ್ನೇ ಗಕ್ಕನೆ ನಿಂತಿತು. ಎಳೆದ್ರೆ ಸ್ಟಾರ್ಟ್ ಆಯ್ತು, ದೋಣಿನೂ ಹೋಯ್ತು. ಸ್ವಲ್ಪ ನಡುಗ್ತಿತ್ತು, ನಾನು ತಲೆ ಕೆಡಿಸ್ಕೊಳ್ಳಲಿಲ್ಲ.

ಒಂದು ತಿಂಗಳಾದ ಮೇಲೆ ಅಮ್ಮಂಗೆ ಜ್ವರ ಜೋರಾಗಿ ಆಸ್ಪತ್ರೆಗೆ ಹೊರಟಾಗ ನಡುನೀರಲ್ಲಿ ಗಿಯರ್ ಕಟಕಟ ಅಂದು ಕೈಕೊಡ್ತು. ಎದುರು ಗಾಳಿ. ಒಂದು ಗಂಟೆ ಹುಟ್ಟು ಹಾಕಿದೆ. ಅಮ್ಮ ಕಂಬಳಿ ಹೊದ್ದು ಕೂತಿದ್ಲು, ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

ಮೆಕ್ಯಾನಿಕ್ ಗಿಯರ್ ಆಯಿಲ್ ಇಳಿಸಿದ್ರೆ ಹಾಲು ಹಾಕಿದ ಟೀ ಹಂಗೆ ಬಂತು. ಶಾಫ್ಟ್ ಬಗ್ಗಿ, ಸೀಲ್ ತಿಂದು, ನೀರು ಒಳಗೆ ಹೋಗಿ ಹಲ್ಲು ಸವೆದಿತ್ತು. "ಮುರೀಲಿ ಅಂತ್ಲೇ ಆ ಪಿನ್ ಇಟ್ಟಿರೋದು ಮಾರಾಯ್ರೆ" ಅಂದ್ರು. ರೋಟವೇಟರಿನ ಶಿಯರ್ ಬೋಲ್ಟ್ ವಿಷಯ ನಮಗೆಲ್ಲ ಗೊತ್ತು. ನೀರಿಗಿಳಿದ ಕೂಡ್ಲೇ ಮರೆತಿದ್ದೆ.

ಬೊಡ್ಡೆಗೆ ಬಡಿದ್ರೆ ಈಗ ನಾನು ನೋಡೋದು ಇಷ್ಟು:

ಮೊದಲು ಎಂಜಿನ್ ಆಫ್. ದಡಕ್ಕೆ ಬಂದು ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದ ಮೇಲೇ ಫ್ಯಾನಿಗೆ ಕೈ.

ಎಂಜಿನ್ ಕೂಗಿ ದೋಣಿ ಹೋಗ್ದಿದ್ರೆ ಪಿನ್ ನೋಡಿ. ದೊಡ್ಡ ಮೋಟರುಗಳಲ್ಲಿ ಪಿನ್ ಬದಲು ಫ್ಯಾನಿನೊಳಗೆ ರಬ್ಬರ್ ಬುಷ್ ಇರುತ್ತೆ. ಒಳಭಾಗದಿಂದ ಹೊರಭಾಗದವರೆಗೆ ಪೇಂಟಲ್ಲಿ ಒಂದು ಗೆರೆ ಎಳೆದು ಓಡಿಸಿ. ಗೆರೆ ತಪ್ಪಿದ್ರೆ ಬುಷ್ ಜಾರ್ತಿದೆ.

ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟಿನ ತುದಿ ಹತ್ರ ಕಡ್ಡಿ ಅಲುಗದ ಹಂಗೆ ಹಿಡಿದು ಫ್ಯಾನ್ ಕೈಯಲ್ಲಿ ತಿರುಗಿಸಿ. ಕಡ್ಡಿಗೂ ಶಾಫ್ಟಿಗೂ ನಡುವಿನ ಸಂದು ಹೆಚ್ಚುಕಮ್ಮಿ ಆದ್ರೆ ಶಾಫ್ಟ್ ಬಗ್ಗಿದೆ.

ಒಂದು ರಾತ್ರಿ ಮೋಟರನ್ನ ನೆಟ್ಟಗೆ ನಿಲ್ಲಿಸಿಟ್ಟು ಬೆಳಿಗ್ಗೆ ಗಿಯರ್ ಆಯಿಲಿನ ಕೆಳಗಿನ ಸ್ಕ್ರೂ ಸಡಿಲ ಮಾಡಿ. ಮೊದಲು ನೀರು ಬಂದ್ರೆ ಅಥವಾ ಆಯಿಲ್ ಬೆಳ್ಳಗಿದ್ರೆ ಸೀಲ್ ಹೋಗಿದೆ. ಲೋಹದ ಚೂರು ಬಂದ್ರೆ ಓಡಿಸ್ಲೇಬೇಡಿ.

ಕೂಲಿಂಗ್ ನೀರು ಮೊದಲಿನ ಹಂಗೇ ಚಿಮ್ಮುತ್ತಾ, ಮೋಟರ್ ಕಚ್ಚಿರೋ ಬ್ರಾಕೆಟ್ ಬಿರುಕು ಬಿಟ್ಟಿದೆಯಾ, ಅದನ್ನೂ ನೋಡಿ.

ದೋಣಿಯಲ್ಲಿ ಈಗ ಕಂಪನಿಯ ಎರಡು ಪಿನ್, ಒಂದು ಇಕ್ಕಳ, ಹುಟ್ಟು, ಎಲ್ಲರಿಗೂ ಲೈಫ್ ಜಾಕೆಟ್ ಇಟ್ಟಿದೀನಿ. ನಿಮ್ಮ ಕಡೆ ಬೊಡ್ಡೆ ಎಲ್ಲೆಲ್ಲಿವೆ ಅಂತ ಗೊತ್ತಿದ್ರೆ ಕೆಳಗೆ ಬರೀರಿ. ನೀರು ಪೂರ್ತಿ ಇಳಿದಾಗ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟೋಣ.